ಗೋಡೆಗೆ ಬೆನ್ನು ಕೊಟ್ಟು

ಪುಸ್ತಕದ ಸಾಲುಗಳಿಗೆ ಹಳದಿ ಬಣ್ಣ ಬಳಿಯುತ್ತ ಕೂತ ಮಕ್ಕಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪಕ್ಕದ ಮನೆಯ ಹುಡುಗಿ ಮೊನ್ನೆ ಅಂಥ ನಾಲ್ಕು ಪೆನ್ನು ಹರಡಿಕೊಂಡು ಕೂತಿದ್ದಳು. ಓದಿದೆಯಾ ಎಂದರೆ, "ಮೂರು ಸಲ ಮುಗೀತು ಆಂಟಿ" ಎಂದು ಪುಟ ತಿರುವಿ ತೋರಿಸಿದಳು. ಪುಟವೇನೋ ಸೊಗಸಾಗಿತ್ತು. ಪುಸ್ತಕ ಕಸಿದು ಮುಚ್ಚಿ, ಈಗ ಹೇಳು ಎಂದೆ. ಅವಳ ಮುಖ ಇಳಿದುಹೋಯಿತು. ಅವಳ ತಾಯಿ ನನ್ನನ್ನು ಇನ್ನೊಮ್ಮೆ ಚಹಾಕ್ಕೆ ಕರೆಯುವುದು ಅನುಮಾನ. ಆದರೆ ಹಾಗೆ ಕೇಳುವ ಹಕ್ಕು ನನಗಿದೆ. ಅವಳು ಬಳಿದದ್ದು ಒಂದು ಪುಸ್ತಕಕ್ಕೆ, ನಾನು ಹತ್ತನೇ ತರಗತಿಯಲ್ಲಿದ್ದಾಗ ಮೂರು ಮಹಡಿಗೆ ಬಳಿದವಳು.

ಆಗ, ಎರಡು ಸಾವಿರದ ನಾಲ್ಕರಲ್ಲಿ, ಹೈದರಾಬಾದಿನ ಮಾಧಾಪುರದ ಬಂಡೆಗಳನ್ನು ಒಡೆದು ಒಡೆದು ಕಂಪ್ಯೂಟರ್ ಆಫೀಸುಗಳನ್ನು ಏಳಿಸುತ್ತಿದ್ದರು. ಅಂಥದೊಂದು ಐದು ಮಹಡಿಯ ಕಟ್ಟಡದ ಹಿಂದೆ, ತಗಡಿನ ಶೆಡ್ಡಿನಲ್ಲಿ ನಮ್ಮ ಸಂಸಾರ. ಅಪ್ಪ ಚಂದ್ರಾಮ, ಸೇಡಂ ಕಡೆಯ ಗೌಂಡಿ. ಗಿಲಾವು ಮಾಡುವುದರಲ್ಲಿ, ಅಂದರೆ ಗೋಡೆಗೆ ಸಿಮೆಂಟಿನ ಮಾಲು ಮೆತ್ತಿ ನುಣ್ಣಗೆ ಮಾಡುವುದರಲ್ಲಿ, ಅವನನ್ನು ಮೀರಿಸುವವರಿಲ್ಲ ಎಂದು ಹೆಸರಿತ್ತು. ಅವ್ವ ಬಂಡೆಮ್ಮ ಅವನಿಗೆ ಬುಟ್ಟಿಯಲ್ಲಿ ಮಾಲು ಹೊತ್ತು ಕೊಡುತ್ತಿದ್ದಳು, ಗೋಡೆಗಳಿಗೆ ನೀರು ಹೊಡೆಯುತ್ತಿದ್ದಳು. ಇಬ್ಬರಿಗೂ ಅಕ್ಷರ ಬಾರದು.

ನಾನು ಓದುತ್ತಿದ್ದದ್ದು ಕಾಚಿಗೂಡದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ. ಹೈದರಾಬಾದಿಗೆ ಬಂದ ಹೊಸದರಲ್ಲಿ ನಾವು ಅಲ್ಲೇ ಸ್ಟೇಷನ್ನಿನ ಹಿಂದೆ ಇದ್ದೆವು. ಕೆಲಸ ಊರಾಚೆಗೆ ಸರಿದಂತೆ ನಾವೂ ಸರಿದೆವು, ಶಾಲೆ ಮಾತ್ರ ಅಲ್ಲೇ ಉಳಿಯಿತು. ದಿನಾ ಎರಡು ಬಸ್ಸು ಬದಲಾಯಿಸಬೇಕು. ಕನ್ನಡದ ಪಠ್ಯಪುಸ್ತಕ ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದಲ್ಲ, ಹಿಂದಿನ ವರ್ಷದವರದ್ದು ಕೈ ಬದಲಾಗಿ ನಮಗೆ ಬರುತ್ತಿತ್ತು. ನನಗೆ ಬಂದ ವಿಜ್ಞಾನದ ಪುಸ್ತಕದಲ್ಲಿ ಹದಿನಾರು ಪುಟ ಇರಲೇ ಇಲ್ಲ. ಗೆಳತಿ ನಿಖಿತಾಳ ಪುಸ್ತಕವನ್ನು ಒಂದು ಭಾನುವಾರದ ಮಟ್ಟಿಗೆ ಕೇಳಿ ತಂದು ಆ ಪುಟಗಳನ್ನು ಬರೆದುಕೊಂಡೆ. ಬರೆದುಕೊಂಡದ್ದು ಗೋಡೆಯ ಮೇಲೆ.

ಗೋಡೆ ಯಾಕೆಂದರೆ, ಶೆಡ್ಡಿನಲ್ಲಿ ಮೂವರು ಮಲಗಿದರೆ ಮಗ್ಗುಲು ಬದಲಿಸಲು ಜಾಗವಿಲ್ಲ. ಕಟ್ಟಡದಲ್ಲಿ ಗಾಳಿ ಬೆಳಕು ಧಾರಾಳ. ಸಿಮೆಂಟಿನ ಇಟ್ಟಿಗೆಯ ಬೂದು ಗೋಡೆಗಳು ಖಾಲಿ ಬಿದ್ದಿದ್ದವು. ಶಾಲೆಯಿಂದ ಚಾಕ್‌ಪೀಸಿನ ಚೂರು ಆರಿಸಿ ತಂದು ಎರಡನೇ ಮಹಡಿಗೆ ಸಮಾಜ, ಮೂರನೆಯದಕ್ಕೆ ವಿಜ್ಞಾನ, ನಾಲ್ಕನೆಯದಕ್ಕೆ ಗಣಿತ ಎಂದು ಹಂಚಿದೆ. ತಲೆಬರಹಗಳಿಗೆ ಕೆಂಪು ಇಟ್ಟಿಗೆಯ ಚೂರು. ದಿನಾ ಸಂಜೆ ಮಹಡಿಯಿಂದ ಮಹಡಿಗೆ ಓದುತ್ತ ಓಡಾಡುತ್ತಿದ್ದೆ. ಜನವರಿಯಲ್ಲಿ ತರಗತಿಯವರೆಲ್ಲ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೋದಾಗಲೂ ನಾನು ಹೋಗದೆ ಮೊದಲನೇ ಮಹಾಯುದ್ಧದ ಕಾರಣಗಳಿಗೆ ಕೆಂಪು ಗೆರೆ ಎಳೆಯುತ್ತಿದ್ದೆ. ಕೂಲಿಯವರು ನಿಂತು ನೋಡಿ, "ಬಂಡೆಮ್ಮನ ಮಗಳು ಭಾಳ ಶ್ಯಾಣ್ಯಾಕಿ" ಅನ್ನುತ್ತಿದ್ದರು. ಅದನ್ನು ಕೇಳಿ ಕೇಳಿ ನಾನೂ ನಂಬಿದೆ.

ಫೆಬ್ರವರಿಯ ಪ್ರೀಫೈನಲ್ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ನೂರಕ್ಕೆ ಇಪ್ಪತ್ತೆಂಟು ಬಂತು. ಪ್ರಶ್ನೆ ನೋಡಿದಾಗ ಉತ್ತರ ಯಾವ ಗೋಡೆಯಲ್ಲಿದೆ, ಕಿಟಕಿಯ ಎಡಕ್ಕೋ ಬಲಕ್ಕೋ ಎಂದು ಚೆನ್ನಾಗಿ ಗೊತ್ತಿತ್ತು. ಗೋಡೆ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ನಮ್ಮ ಸೂರ್ಯನಾರಾಯಣ ಮೇಷ್ಟ್ರು ಮೈಸೂರಿನ ಕಡೆಯವರು, ಮೆತ್ತನೆಯ ಮನುಷ್ಯ. "ಇನ್ನೂ ಎರಡು ಸಲ ಓದ್ಬಿಡಮ್ಮ ವಿಜಯಶ್ರೀ, ಕೂತ್ಕೊಳ್ಳತ್ತೆ" ಎಂದರು. ನಾನು ಬಂದು ಇನ್ನೂ ಎರಡು ಸಲ ಓದಿದೆ. ಸಾಲದೆಂದು ಅಳಿಸಿಹೋದಲ್ಲಿ ಮತ್ತೆ ತಿದ್ದಿ, ಇನ್ನಷ್ಟು ಕೆಂಪು ಗೆರೆ ಎಳೆದೆ.

ಮನೆಯಲ್ಲಿ ಒಂದು ಮಾತು ಗದ್ದಲವಿಲ್ಲದೆ ತೀರ್ಮಾನವಾಗಿತ್ತು. ಮೇಸ್ತ್ರಿ ಹುಸೇನಪ್ಪನ ಗ್ಯಾಂಗು ಮೇ ತಿಂಗಳಿಗೆ ಪುಣೆಗೆ ಹೋಗುತ್ತದೆ, ಅಪ್ಪ ಅವ್ವ ಅದರ ಜೊತೆ ಹೋಗುತ್ತಾರೆ. ಪಾಸಾದರೆ ನಾನು ಇಲ್ಲೇ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುವುದು. ಫೇಲಾದರೆ ಪುಣೆಯಲ್ಲಿ ಅವ್ವನ ಹಿಂದೆ ಬುಟ್ಟಿ ಹೊರುವುದು. ಅವ್ವನ ನೆತ್ತಿಯ ಮೇಲೆ, ಬುಟ್ಟಿಯ ಕೆಳಗೆ ಬಟ್ಟೆಯ ಸಿಂಬಿ ಇಡುವ ಜಾಗದಲ್ಲಿ ಕೂದಲು ಉದುರಿ ಬಿಲ್ಲೆಯಷ್ಟು ಬೋಳಾಗಿತ್ತು. ಇಪ್ಪತ್ತೆಂಟು ಬಂದ ದಿನದಿಂದ ನಾನು ಆಗಾಗ ನನ್ನ ನೆತ್ತಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಪರೀಕ್ಷೆಗೆ ಮೂರು ವಾರ ಇರುವಾಗ ಹುಸೇನಪ್ಪ ಬಂದು ಸುದ್ದಿ ಹೇಳಿದ. ಕಂಪನಿಯವರಿಗೆ ಬಿಲ್ಡಿಂಗ್ ಏಪ್ರಿಲ್ಲಿಗೇ ಬೇಕಂತೆ, ಅಮೆರಿಕದಿಂದ ಯಾರೋ ನೋಡಲು ಬರುತ್ತಾರಂತೆ. ಎರಡು, ಮೂರು, ನಾಲ್ಕನೇ ಮಹಡಿಗಳ ಒಳಗೋಡೆಯ ಗಿಲಾವು ಹದಿನೈದು ದಿನದಲ್ಲಿ ಮುಗಿಯಬೇಕು.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ನೆಲ ನೋಡುತ್ತಿದ್ದ.

"ಯಪ್ಪಾ, ನನ್ನ ಪಾಠ ಎಲ್ಲಾ ಅದರಾಗೇ ಐತಿ" ಎಂದೆ.

"ಗೊತ್ತೈತಿ ಯವ್ವಾ" ಎಂದ. "ನಾ ಒಲ್ಲೆ ಅಂದ್ರ ಇನ್ನೊಬ್ಬ ಗೌಂಡಿ ಬಂದು ಮುಚ್ಚತಾನ."

ಮರುದಿನ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಎರಡನೇ ಮಹಡಿಗೆ ಓಡಿದೆ. ಓದಿಗೆಂದು ಶಾಲೆ ರಜೆ ಕೊಟ್ಟಿತ್ತು. ಎಷ್ಟು ಗೋಡೆ ಸಿಗುತ್ತದೋ ಅಷ್ಟನ್ನು ನಕಲು ಮಾಡಿಕೊಳ್ಳುವುದು ನನ್ನ ಲೆಕ್ಕ. ಅರ್ಧ ಗೋಡೆ ಆಗುವಷ್ಟರಲ್ಲಿ ಅಪ್ಪ ಮಾಲು ಮೆತ್ತುವ ಕರಣಿ ಹಿಡಿದು ಬಂದ. ಹಿಂದೆ ನೀರಿನ ಬಕೀಟು ಹೊತ್ತ ಅವ್ವ. ಗಿಲಾವಿಗೆ ಮೊದಲು ಗೋಡೆಯನ್ನು ತೋಯಿಸಬೇಕು, ತೋಯಿಸಿದರೆ ಚಾಕಿನ ಅಕ್ಷರ ಹೋದಂತೆಯೇ.

ಅಪ್ಪ ಗೋಡೆಯ ಮುಂದೆ ನಿಂತು ತುಸು ಹೊತ್ತು ನೋಡಿದ. "ಇಷ್ಟು ದಿನ ಬರದಿ, ಒಮ್ಮೆನೂ ನಾ ಕೇಳಿಲ್ಲ. ಮುಚ್ಚೋದು ಮುಚ್ಚತೀನಿ, ಒಳಗ ಏನೈತಿ ಅಂತ ಕೇಳಿ ಮುಚ್ಚತೀನಿ. ಹೇಳು" ಎಂದ.

ನಾನು ಗೋಡೆ ನೋಡುತ್ತ ಓದತೊಡಗಿದೆ. ಅವನು ತಡೆದ. "ಓದಬ್ಯಾಡ. ಓದೋದಾದ್ರ ಅದನ್ನ ಗೋಡೀನೇ ಹೇಳಿದಂಗಾತು. ಅತ್ತಾಗ ತಿರುಗಿ ನಿಂದ್ರು."

ಗೋಡೆಗೆ ಬೆನ್ನು ಕೊಟ್ಟು ನಿಂತೆ. ಮೊದಲನೇ ಮಹಾಯುದ್ಧಕ್ಕೆ ಕಾರಣಗಳು. ಎರಡು ತಿಂಗಳಿಂದ ದಿನಾ ಓದಿದ ಗೋಡೆ. ಆಸ್ಟ್ರಿಯಾದ ಯುವರಾಜನನ್ನು ಕೊಂದರು ಎಂದೆ, ಸೈನ್ಯ ಬೆಳೆಸಿದರು ಎಂದೆ. ಅಲ್ಲಿಗೆ ನಿಂತೆ. ಮುಂದಿನದು ನಾಲಿಗೆಯ ಹತ್ತಿರವೂ ಬರಲಿಲ್ಲ.

"ಒಂಬತ್ತು ಸಾಲು ಅದಾವ" ಎಂದ ಅಪ್ಪ, ಬೆರಳಿಟ್ಟು ಎಣಿಸಿ. "ನೀ ಎರಡಕ್ಕ ನಿಂತಿ."

ನನಗೆ ಏನೂ ಬರುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಮೂರು ಮಹಡಿ ತುಂಬ ಇದ್ದದ್ದೆಲ್ಲ ಗೋಡೆಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅಪ್ಪನ ಮೇಲೆ ವಿಪರೀತ ಸಿಟ್ಟು ಬಂತು, ಅಳುವೂ ಬಂತು. ಅಪ್ಪ ಎರಡನ್ನೂ ಗಮನಿಸದವನಂತೆ, "ಬಾಜೂಕಿನ ಖೋಲಿಯಾಗ ಬರವಣಿಗಿ ಇಲ್ಲ, ಅದನ್ನ ಮುಗಿಸಿ ಬರ್ತೀನಿ. ಅಷ್ಟರಾಗ ನೋಡ್ಕೊ" ಎಂದು ಹೊರಟ. ಮತ್ತೆ ಬಂದಾಗ ಆರು ಸಾಲು ಹೇಳಿದೆ. ಊಟದ ನಂತರ ಒಂಬತ್ತೂ ಹೇಳಿದೆ. ಅವ್ವ ನೀರು ಹೊಡೆದಳು, ಅಪ್ಪ ಮಾಲು ಬೀಸಿದ.

ಹೀಗೆ ಶುರುವಾಯಿತು. ದಿನಕ್ಕೆ ಐದಾರು ಗೋಡೆ. ಅಪ್ಪ ಬೇರೆ ಮೂಲೆ ಮಾಡುತ್ತಿರುವಾಗ ನಾನು ಗೋಡೆ ನೋಡುವುದು, ಬೆನ್ನು ತಿರುಗಿಸಿ ಹೇಳುವುದು, ಎಲ್ಲಿ ತಡವರಿಸಿದೆನೋ ಅದನ್ನಷ್ಟೇ ಮತ್ತೆ ನೋಡುವುದು. ಅಪ್ಪನಿಗೆ ಅರ್ಥ ತಿಳಿಯದಿದ್ದರೆ ಬಿಡುತ್ತಿರಲಿಲ್ಲ. "ಕರಿ ಮಣ್ಣಿಗೆ ಹತ್ತಿ ಯಾಕ ಬರ್ತದ ಅಂತ ಪುಸ್ತಕದವರು ಹೇಳ್ಯಾರೇನು? ನಾ ಹೇಳತೀನಿ ಕೇಳು" ಎಂದು ಅವನೇ ಒಮ್ಮೆ ಅರ್ಧ ಗಂಟೆ ಪಾಠ ಮಾಡಿದ.

ಗಿಲಾವಾದ ಗೋಡೆಗೆ ಏಳು ದಿನ ಬೆಳಿಗ್ಗೆ ಸಂಜೆ ನೀರು ಕುಡಿಸಬೇಕು, ಒಂದು ದಿನ ತಪ್ಪಿದರೂ ಸೀಳು ಬಿಡುತ್ತದೆ. ಅದು ಅವ್ವನ ಕೆಲಸ. ಪೈಪು ಹಿಡಿದು ಗೋಡೆಯಿಂದ ಗೋಡೆಗೆ ಹೋಗುವಾಗ ಅವಳೂ ಕೇಳತೊಡಗಿದಳು. "ಇದರೊಳಗ ಏನಿತ್ತು ವಿಜ್ಜಿ?" ಬೂದಿ ಬಣ್ಣದ ಒದ್ದೆ ಗೋಡೆ, ಒಂದು ಅಕ್ಷರವಿಲ್ಲ. ಮೊದಲ ದಿನ ಹೇಳಿದ್ದು ಮೂರನೇ ದಿನ ಅರ್ಧ ಮರೆತಿರುತ್ತಿತ್ತು, ತಿಣುಕಿ ತಿಣುಕಿ ನೆನಪು ಮಾಡಿಕೊಳ್ಳುತ್ತಿದ್ದೆ. ಐದನೇ ದಿನಕ್ಕೆ ತಿಣುಕುವುದು ಕಡಿಮೆಯಾಗುತ್ತಿತ್ತು. ಅಪ್ಪ ಒಣಗಿದ ಗೋಡೆಯನ್ನು ಕರಣಿಯ ಹಿಡಿಕೆಯಿಂದ ಟಕ್ ಟಕ್ ಎಂದು ಬಡಿದು ಕಿವಿಗೊಡುತ್ತಿದ್ದ. ಒಳಗೆ ಪೊಳ್ಳಿದ್ದರೆ ಸದ್ದು ಬೇರೆ ಬರುತ್ತದೆ, ಅಷ್ಟು ಭಾಗ ಕೆಡವಿ ಮತ್ತೆ ಮೆತ್ತಬೇಕು. ಅವನ ಗೋಡೆಯಲ್ಲಿ ಪೊಳ್ಳು ಬಂದದ್ದನ್ನು ನಾನು ಕಂಡಿಲ್ಲ.

ಸಮಾಜದ ಮಹಡಿ ಮುಗಿದು ವಿಜ್ಞಾನದ ಮಹಡಿಗೆ ಬಂದಾಗ ಕೆಲಸ ಎರಡು ದಿನ ಹಿಂದೆ ಬಿದ್ದಿತ್ತು. ಹುಸೇನಪ್ಪ ಎಲ್ಲರೆದುರೇ ಅಪ್ಪನನ್ನು ತರಾಟೆಗೆ ತೆಗೆದುಕೊಂಡ.

"ಏನೋ ಚಂದ್ರಾಮ, ನಿನ್ನ ಮಗಳ ಪರೀಕ್ಷಾ ಮುಗಿಯೂತನಕ ಬಿಲ್ಡಿಂಗ್ ನಿಂದ್ರಸಬೇಕೇನು? ಇಂಜಿನಿಯರ್ ಸಾಬ್ ನನ್ನ ತಲಿ ತಿನ್ನಾಕತ್ಯಾರ. ಇಂದ ಈ ಖೋಲಿ ಮುಗೀಲಿಲ್ಲಂದ್ರ ನಾಳಿಂದ ಇನ್ನೊಬ್ಬಾಂವ ಬರ್ತಾನ."

ಅಪ್ಪ "ಮುಗಸ್ತೀನ್ರಿ" ಎಂದಷ್ಟೇ ಹೇಳಿದ.

ಆ ಕೋಣೆಯ ಕೊನೆಯ ಗೋಡೆ ಮೂತ್ರಪಿಂಡದ್ದು. ನನ್ನ ಪುಸ್ತಕದಲ್ಲಿ ಇಲ್ಲದ ಪುಟಗಳಲ್ಲಿ ಅದೂ ಒಂದು. ಅವರೆಕಾಳಿನಂಥ ಚಿತ್ರ, ಅದರ ಪಕ್ಕ ನೆಫ್ರಾನು, ಕೆಳಗೆ ಹನ್ನೊಂದು ಸಾಲು. ಬೆಳಗಿನಿಂದ ನಾಲ್ಕು ಸಲ ಬೆನ್ನು ತಿರುಗಿಸಿದ್ದೆ, ನಾಲ್ಕು ಸಲವೂ ರಕ್ತ ಸೋಸುವಲ್ಲಿಗೇ ನಿಂತಿದ್ದೆ. ಹೊತ್ತು ಇಳಿಯುತ್ತಿತ್ತು. ಹುಸೇನಪ್ಪ ಮೆಟ್ಟಿಲ ಬಳಿ ಕೆಮ್ಮುವುದು ಕೇಳುತ್ತಿತ್ತು. ಅಪ್ಪ ಬಂದು, "ಹೂಂ, ಹೇಳು" ಎಂದ.

ಹೇಳಿದೆ. ಒಂದು ಉಸಿರಿಗೆ, ಎಲ್ಲೂ ತಡೆಯದೆ ಹೇಳಿದೆ. ನಾನು ಹೇಳಿದ್ದು ಮಹಾಯುದ್ಧದ ಕಾರಣಗಳನ್ನು. ಒಂಬತ್ತು ಸಾಲನ್ನು ಎಳೆದು ಹನ್ನೊಂದು ಮಾಡಿದೆ. ಅಪ್ಪ "ಆತು, ಹೋಗು" ಎಂದು ಅವ್ವನ ಕೈಯಿಂದ ಬಕೀಟು ತಾನೇ ಇಸಿದುಕೊಂಡ. ನಾನು ಹಿಂತಿರುಗಿ ನೋಡದೆ ಮೆಟ್ಟಿಲು ಇಳಿದೆ.

ಅಪ್ಪನ ಕೆಲಸ ಉಳಿಸಲೆಂದು ಸುಳ್ಳು ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅದರಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧ, ನನಗೆ ಸಾಕಾಗಿತ್ತು, ಅಕ್ಷರ ಬಾರದವನಿಗೆ ಏನು ಗೊತ್ತಾಗುತ್ತದೆ ಎಂಬ ಸೊಕ್ಕೂ ಇತ್ತು.

ಅಲ್ಲಿಂದ ಶುರುವಾದ ಸಂಕಟ ಇಂಥದ್ದೆಂದು ಹೇಳಲಾರೆ. ಗಣಿತದ ಮಹಡಿ ಮುಗಿಯಿತು, ಕನ್ನಡ, ತೆಲುಗು, ಗಣಿತದ ಪರೀಕ್ಷೆಗಳೂ ಆದವು. ಬರೆಯುವಾಗ ಬರುತ್ತಿತ್ತು, ಅದು ನನಗೇ ಆಶ್ಚರ್ಯ. ಆದರೆ ಪರೀಕ್ಷೆಯ ಕೋಣೆಯಿಂದ ಹೊರಗೆ ಬಂದ ಕೂಡಲೇ ಮೂತ್ರಪಿಂಡ ನೆನಪಾಗುತ್ತಿತ್ತು. ಮೇಷ್ಟ್ರು, "ಹೃದಯ ಇಲ್ಲಾ ಮೂತ್ರಪಿಂಡ, ಎರಡರಲ್ಲಿ ಒಂದು ಚಿತ್ರ ಬಂದೇ ಬರತ್ತೆ" ಎಂದಿದ್ದರು. ನಿಖಿತಾಳ ಪುಸ್ತಕ ಕೇಳೋಣವೆಂದರೆ ಪರೀಕ್ಷೆಯ ಮುಂದೆ ಯಾರು ಪುಸ್ತಕ ಬಿಟ್ಟುಕೊಡುತ್ತಾರೆ? ಒಮ್ಮೆ ಬಾಯಿಬಿಟ್ಟೆ, ಅವಳು ಚೀಲ ಎದೆಗೆ ಅವುಚಿಕೊಂಡು ಸುಮ್ಮನೆ ನಕ್ಕಳು. ಆ ಗೋಡೆಯಿದ್ದ ಕೋಣೆಯತ್ತ ನಾನು ಕಾಲಿಡಲಿಲ್ಲ. ನೀರು ಹೊಡೆಯುವ ಅವ್ವ ಎಲ್ಲ ಗೋಡೆಯನ್ನೂ ಕೇಳಿದಳು, ಅದೊಂದನ್ನು ಮಾತ್ರ ಕೇಳಲಿಲ್ಲ. ಬಚಾವಾದೆ ಅಂದುಕೊಂಡೆ. ಆದರೂ ಮತ್ತೆ ಮತ್ತೆ ನೆತ್ತಿ ಮುಟ್ಟಿಕೊಳ್ಳುತ್ತಿದ್ದೆ.

ವಿಜ್ಞಾನದ ಪರೀಕ್ಷೆಯ ಹಿಂದಿನ ಮಧ್ಯಾಹ್ನ ತಡೆಯಲಾಗಲಿಲ್ಲ. ಅಪ್ಪ ಊಟ ಮಾಡಿ ಬೀಡಿ ಸೇದುತ್ತ ಕೂತಿದ್ದ. ಹೋಗಿ ಮುಂದೆ ನಿಂತೆ.

"ಯಪ್ಪಾ, ನಾ ನಿನಗ ಸುಳ್ಳು ಹೇಳೀನಿ" ಎಂದೆ. ಮುಂದಿನದು ಅಳುವಿನಲ್ಲಿ ಹೋಯಿತು.

ಅಪ್ಪ ಬೀಡಿ ಆರಿಸಿ ಎದ್ದ. "ಬಾ" ಎಂದು ಮೂರನೇ ಮಹಡಿಗೆ ಕರೆದುಕೊಂಡು ಹೋದ.

ಕೋಣೆ ಪೂರ್ತಿ ನುಣ್ಣಗಾಗಿ ಒಣಗಿತ್ತು. ಕೊನೆಯ ಗೋಡೆಯ ನಡುವೆ, ನನ್ನ ಎದೆಮಟ್ಟದಲ್ಲಿ, ಕಿಟಕಿಯಷ್ಟು ಜಾಗ ಗಿಲಾವಿಲ್ಲದೆ ಉಳಿದಿತ್ತು. ನಾಲ್ಕೂ ಅಂಚು ದಾರ ಹಿಡಿದು ಕತ್ತರಿಸಿದಷ್ಟು ನೇರ. ಅದರೊಳಗೆ ಅವರೆಕಾಳು, ನೆಫ್ರಾನು, ಹನ್ನೊಂದು ಸಾಲು. ಒಂದು ಹನಿ ನೀರು ತಾಗಿರಲಿಲ್ಲ.

"ಇಂಜಿನಿಯರ್ ಸಾಬ್ ಕೇಳಿದ್ರು. ಕರೆಂಟಿನವರು ಡಬ್ಬಿ ಕುಂದರಸ್ತಾರಂತ ಬಿಟ್ಟೀನ್ರಿ ಅಂದೆ" ಎಂದ ಅಪ್ಪ. "ಹುಸೇನಪ್ಪಗ ಗೊತ್ತೈತಿ. ಅವನೂ ಸುಮ್ನಿದ್ದಾನ. ಇಂದ ಸಂಜಿಮಟ ಅಷ್ಟ ಟೈಮು."

"ನಿನಗ ಹ್ಯಾಂಗ ಗೊತ್ತಾತು?"

"ಗೋಡಿ ಮ್ಯಾಲ ಕಾಳಿನ ಚಿತ್ರ ಐತಿ. ನೀ ಆಸ್ಟ್ರಿಯಾ ಅಂದಿ. ಎರಡನೇ ಮಾಳಿಗ್ಯಾಗ ಮೊದಲ ಗೋಡಿ ಅದು. ನನಗ ನೆಪ್ಪ ಇರಂಗಿಲ್ಲೇನು?"

ನೆಲ ಬಾಯ್ದೆರೆದು ನುಂಗಬಾರದೇ ಅನ್ನಿಸಿತು. ಹದಿನೈದು ದಿನ ನಾನು ಹೇಳಿದ ಒಂದೊಂದು ಗೋಡೆಯನ್ನೂ ಅವನು ಕೇಳಿ ಇಟ್ಟುಕೊಂಡಿದ್ದ. ಬರೆದಿಟ್ಟುಕೊಳ್ಳಲು ಬಾರದವನು ಇನ್ನೇನು ಮಾಡುತ್ತಾನೆ, ಅಷ್ಟೂ ನನಗೆ ಹೊಳೆದಿರಲಿಲ್ಲ.

"ಆವತ್ತ ಯಾಕ ಬೈಲಿಲ್ಲ?"

"ಬೈದಿದ್ರ ನೀ ಅಳತಿದ್ದಿ, ಕಲೀತಿರಲಿಲ್ಲ. ಪೊಳ್ಳು ಇದ್ದಲ್ಲಿ ಮುಚ್ಚಬಾರದು ಅನ್ನೋದು ನನಗ ಗೊತ್ತು, ಅದಕ್ಕ ಬಿಟ್ಟೆ. ನೀನಾಗೇ ಬರ್ತಿ ಅಂತ ನಿಮ್ಮವ್ವನೂ ಅಂದ್ಲು." ಅವನು ತಲೆಕೆಳಗಾಗಿಟ್ಟ ಬುಟ್ಟಿಯ ಮೇಲೆ ಕೂತ. "ತಿರುಗಿ ನಿಂದ್ರು."

ಮೊದಲ ಸಲ ಮತ್ತೆ ಸೋಸುವಲ್ಲೇ ನಿಂತೆ. ಎರಡನೇ ಸಲ ಹಿಂದುಮುಂದಾಯಿತು. ಅಪ್ಪ, "ಸೋಸೋದಂದ್ರ ಹ್ಯಾಂಗ, ನಾವು ಉಸುಕು ಸಾಣಿಸಿದಂಗೇನು?" ಎಂದು ಕೇಳಿದ. ಹೌದು, ಆದರೆ ಇಲ್ಲಿ ಸೋಸಿ ಕೆಳಗೆ ಬಿದ್ದದ್ದರಲ್ಲೂ ಬೇಕಾದದ್ದನ್ನು ಮೈ ಮತ್ತೆ ಹೀರಿಕೊಳ್ಳುತ್ತದೆ ಎಂದು ಅವನಿಗೆ ತಿಳಿಸಿ ಹೇಳುವಾಗ, ಮುಂದಿನ ಸಾಲುಗಳು ತಾವಾಗಿ ಬಂದವು. ನಾಲ್ಕನೇ ಸಲ ಹನ್ನೊಂದೂ ಹೇಳಿ, ಇದ್ದಲಿನಿಂದ ನೆಲದ ಮೇಲೆ ಚಿತ್ರ ಬರೆದೆ. ಅಪ್ಪ ನೆಲದ್ದನ್ನೂ ಗೋಡೆಯದ್ದನ್ನೂ ಹೋಲಿಸಿ ನೋಡಿ, ಒಂದು ನಳಿಕೆ ಕಡಿಮೆ ಬಿದ್ದಿದೆ ಎಂದ. ನಿಜ, ಬಿದ್ದಿತ್ತು. ಹೊತ್ತು ಮುಳುಗುವ ಮುಂಚೆ ಅವ್ವ ಅರ್ಧ ಬುಟ್ಟಿ ಮಾಲು ತಂದಳು, ಕಿಟಕಿ ಮುಚ್ಚಿತು.

ಬೆಳಿಗ್ಗೆ ಅಪ್ಪ ಬಸ್ ಸ್ಟಾಪಿನ ತನಕ ಬಂದ. ಕೈಯಲ್ಲಿ ಕರಣಿ, ಅಲ್ಲಿಂದಲೇ ಕೆಲಸಕ್ಕೆ.

"ಯಪ್ಪಾ, ಅಲ್ಲಿ ಹೋಗಿ ಎಲ್ಲಾ ಮರತ್ರ?"

ಬಸ್ಸು ಬರುತ್ತಿತ್ತು. ಅಪ್ಪ ನನ್ನ ತಲೆಯನ್ನು ಒಂದು ಕೈಯಲ್ಲಿ ಹಿಡಿದು, ಕರಣಿಯ ಮರದ ಹಿಡಿಕೆಯಿಂದ ನೆತ್ತಿಗೆ ಮೆಲ್ಲಗೆ ಎರಡು ಸಲ ಬಡಿದ. ಕಿವಿಗೊಟ್ಟು ಕೇಳಿದ, ಒಣಗಿದ ಗೋಡೆಯ ಸದ್ದು ಕೇಳುವಷ್ಟೇ ಗಂಭೀರವಾಗಿ. ಸ್ಟಾಪಿನಲ್ಲಿದ್ದ ಕಂಪ್ಯೂಟರಿನ ಹುಡುಗರು ಕೊರಳಿಗೆ ಆಫೀಸಿನ ಗುರುತಿನ ಚೀಟಿ ನೇತುಹಾಕಿಕೊಂಡು ನಮ್ಮನ್ನೇ ನೋಡುತ್ತಿದ್ದರು.

"ಗಟ್ಟಿ ಐತಿ. ನಡಿ" ಎಂದ.

ಮೂತ್ರಪಿಂಡ ಬರಲಿಲ್ಲ, ಹೃದಯ ಬಂತು. ಅದು ಅದೇ ಮಹಡಿಯ ಎರಡನೇ ಗೋಡೆ, ಕಣ್ಣು ಮುಚ್ಚಿ ಬರೆದೆ. ವಿಜ್ಞಾನಕ್ಕೆ ಅರವತ್ತೊಂದು ಬಂತು, ಪಾಸಾದೆ. ಅಪ್ಪ ಅವ್ವ ಕಾಚಿಗೂಡದಲ್ಲಿ ನನ್ನನ್ನು ಹಾಸ್ಟೆಲಿಗೆ ಬಿಟ್ಟು ಪುಣೆಗೆ ಹೊರಟರು. ಗೇಟಿನ ಹತ್ತಿರ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಪ್ಪ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ. ಏನಾದರೂ ಮರೆತನೋ ಎಂದುಕೊಂಡೆ.

"ಆ ಕಾಳಿಂದು" ಎಂದ, "ಅದು ಬರಲಿಲ್ಲ ಅಂದಿ. ಇನ್ನೂ ನೆಪ್ಪ ಐತಿಲ್ಲ?"

ಗೇಟಿಗೆ ಬೆನ್ನು ಕೊಟ್ಟು ನಿಂತು ಹನ್ನೊಂದೂ ಸಾಲು ಹೇಳಿದೆ. ಮುಗಿಸಿ ತಿರುಗಿದಾಗ ಅವನ ಕಣ್ಣು ತುಂಬಿದ್ದವು. ನಾನು ತಿರುಗಿ ನಿಲ್ಲಲಿ ಎಂದೇ ಅವನು ಕೇಳಿದ್ದ.